ಹಕ್ಕಿ ನೋಡುವ ಹುಚ್ಚು ಹತ್ತಿದೆ: ಶಿರಸಿ ಮಳೆಗೆ ಕ್ಯಾಮೆರಾನೋ, ಬೈನಾಕ್ಯುಲರೋ?

ಬೆಟ್ಟದಂಚು (ಶಿರಸಿ)

ಎಲ್ಲರಿಗೂ ನಮಸ್ಕಾರ. ಕಂಪನಿ ಬೆಂಗಳೂರಿನದು, ಕೆಲಸ ಮಾಡುವುದು ಊರಲ್ಲಿ. ಮನೆ ಮುಂದೆ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ. ಬೆಳಿಗ್ಗೆ ಮೀಟಿಂಗ್ ಶುರುವಾಗುವುದಕ್ಕೆ ಮೊದಲು ಚಾ ಹಿಡಿದು ಜಗಲಿಯಲ್ಲಿ ಕೂತರೆ ಹಕ್ಕಿಗಳ ಗಲಾಟೆ. ಮಡಿವಾಳ, ಪಿಕಳಾರ, ಕೆಂಬೂತ ಗೊತ್ತು, ಅದರಾಚೆ ಎಲ್ಲವೂ "ಎಂತದೋ ಒಂದು ಹಕ್ಕಿ". ಇದನ್ನು ಸರಿಯಾಗಿ ಹವ್ಯಾಸ ಮಾಡಿಕೊಳ್ಳುವ ಅಂತ ಮನಸ್ಸಾಗಿದೆ.

30 ಸಾವಿರ ತೆಗೆದಿಟ್ಟಿದ್ದೇನೆ. ಭಾವ ಹೇಳುತ್ತಾನೆ, ಜೂಮ್ ಜಾಸ್ತಿ ಇರುವ ಹಳೇ ಕ್ಯಾಮೆರಾ ತಗೋ ಅಂತ. ಆಫೀಸಿನ ಗೆಳತಿ ಬೈನಾಕ್ಯುಲರ್ ತಗೋ ಅನ್ನುತ್ತಾಳೆ. ನನಗೆ ಒಳಗೊಳಗೆ ಡ್ರೋನ್ ಮೇಲೂ ಕಣ್ಣಿದೆ. ಏನೇ ತಗೊಂಡರೂ ಜೂನ್ ಬಂದಮೇಲೆ ಅದನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದೇ ದೊಡ್ಡ ಚಿಂತೆ. ನಮ್ಮಲ್ಲಿ ಗೋಡೆಗೆ ತೂಗಿದ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ತೋಟದಲ್ಲಿ ಸಿಗ್ನಲ್ ಇಲ್ಲ, ಹಾಗಾಗಿ ಇಂಟರ್ನೆಟ್ ಇಲ್ಲದೆ ನಡೆಯುವ ಆ್ಯಪ್ ಇದ್ದರೆ ಅದನ್ನೂ ಹೇಳಿ.

ಕಾಳಿತೀರ (ಕಾರವಾರ)

ಬೈನಾಕ್ಯುಲರ್. ಇದರಲ್ಲಿ ಎರಡು ಮಾತಿಲ್ಲ.

ಕಾರಣ ಹೇಳುತ್ತೇನೆ. ಕ್ಯಾಮೆರಾ ಕೈಗೆ ಬಂದ ಕೂಡಲೇ ಹೊಸಬರು ಹಕ್ಕಿ ನೋಡುವುದನ್ನು ಬಿಟ್ಟು ಫೋಟೋ ಬಂತೋ ಇಲ್ಲವೋ ಎಂದು ಸ್ಕ್ರೀನ್ ನೋಡಲು ಶುರುಮಾಡುತ್ತಾರೆ. ಹಕ್ಕಿ ಹೇಗೆ ಕೂತಿತ್ತು, ಬಾಲ ಕುಣಿಸಿತೋ, ನೆಲದಲ್ಲಿ ಕುಪ್ಪಳಿಸಿತೋ ನಡೆಯಿತೋ, ಇದು ಯಾವುದೂ ತಲೆಗೆ ಹೋಗುವುದಿಲ್ಲ. ಗುರುತು ಹಿಡಿಯುವುದು ಬಣ್ಣದಿಂದ ಕಡಿಮೆ, ನಡವಳಿಕೆಯಿಂದ ಜಾಸ್ತಿ.

ಅಂಗಡಿಗೆ ಹೋದರೆ 10×50 ತೋರಿಸುತ್ತಾರೆ, 20 ಪಟ್ಟು, 30 ಪಟ್ಟು ಅಂತೆಲ್ಲ ಹೇಳುತ್ತಾರೆ. ಮರುಳಾಗಬೇಡಿ. ನಿಮ್ಮ ಕಡೆಗೆ ಬೇಕಾದದ್ದು 8×42. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 42ನ್ನು 8ರಿಂದ ಭಾಗಿಸಿದರೆ 5.25. ಕಣ್ಣಿಗೆ ಬಂದು ಬೀಳುವ ಬೆಳಕಿನ ವೃತ್ತ ಅಷ್ಟು ಮಿಲಿಮೀಟರ್ ಅಗಲ ಇರುತ್ತದೆ. 10×42 ಆದರೆ ಅದು 4.2ಕ್ಕೆ ಇಳಿಯುತ್ತದೆ. ಬಯಲುಸೀಮೆಯ ಬಿಸಿಲಲ್ಲಿ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಅಡಿಕೆ ಮರದ ಕೆಳಗೆ, ಮೋಡ ಕವಿದ ಜುಲೈ ಬೆಳಿಗ್ಗೆ, ಏಲಕ್ಕಿ ಹಿಂಡಲಿನ ಸಂದಿಯಲ್ಲಿ ಕೂತ ಕಂದು ಹಕ್ಕಿಯನ್ನು ನೋಡುವಾಗ ಇದೇ ಎಲ್ಲ. ಮೇಲಾಗಿ 8ರಲ್ಲಿ ಕಾಣುವ ಜಾಗ ಅಗಲ, ಕೈ ನಡುಕವೂ ಕಡಿಮೆ ಕಾಣುತ್ತದೆ.

ಕೊಳ್ಳುವಾಗ ಒಳಗೆ ನೈಟ್ರೋಜನ್ ತುಂಬಿದ, ನೀರು ಹೋಗದ ಮಾದರಿಯೇ ಬೇಕು ಅನ್ನಿ. ಕನ್ನಡಕ ಹಾಕುತ್ತೀರಾದರೆ ಐ ರಿಲೀಫ್, ಅಂದರೆ ಗಾಜಿನಿಂದ ಕಣ್ಣು ಎಷ್ಟು ದೂರ ಇದ್ದರೂ ಪೂರ್ತಿ ಕಾಣುತ್ತದೆ ಎಂಬ ಅಳತೆ, 15 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಹತ್ತರಿಂದ ಹದಿನೈದು ಸಾವಿರದೊಳಗೆ ನಿಕಾನ್ ತರಹದ ಕಂಪನಿಗಳ ಒಳ್ಳೆಯ ಮಾಲು ಸಿಗುತ್ತದೆ. ಉಳಿದ ದುಡ್ಡನ್ನು ಇಟ್ಟುಕೊಳ್ಳಿ, ಪೆಟ್ರೋಲಿಗೆ ಬೇಕಾಗುತ್ತದೆ.

ದಾಂಡೇಲಿ ಡಿಪೊ

ಕಾಳಿತೀರ ಅಣ್ಣ, ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಆದರೆ ಹೊಸಬರಿಗೆ ಫೋಟೋ ದೊಡ್ಡ ಆಸರೆ. ಎರಡು ಸೆಕೆಂಡ್ ಕಂಡು ಹಾರಿದ ಹಕ್ಕಿಯನ್ನು ನೆನಪಿನಿಂದ ಹೇಳಿ ಅಂದರೆ ಯಾರು ಹೇಳುತ್ತಾರೆ? "ಹಸಿರು ಬೆನ್ನು, ಕೆಂಪು ಎದೆ ಇತ್ತು" ಅಂತ ಬರೆದು ಕೇಳುತ್ತಾರೆ, ಇಲ್ಲಿ ಹತ್ತು ಜನ ಹತ್ತು ಹೆಸರು ಹೇಳುತ್ತೇವೆ. ಮಸುಕು ಫೋಟೋ ಒಂದಿದ್ದರೂ ಜಗಳ ಮುಗಿಯುತ್ತದೆ.

30 ಸಾವಿರಕ್ಕೆ ಹಳೇ ಡಿಎಸ್‌ಎಲ್‌ಆರ್ ಮತ್ತು 70-300 ಲೆನ್ಸ್ ಹೊಂದಿಸಬಹುದು. ಸೂಪರ್‌ಜೂಮ್ ಕ್ಯಾಮೆರಾ ಬೇಡ ಅನ್ನುವುದರಲ್ಲಿ ಮಾತ್ರ ನನ್ನದೂ ಅದೇ ಮಾತು. ನಿಕಾನ್ ಪಿ950 ತರಹದ್ದರಲ್ಲಿ 83 ಪಟ್ಟು ಜೂಮ್, 2000 ಮಿಲಿಮೀಟರಿಗೆ ಸಮ. ಕೇಳಲಿಕ್ಕೆ ಚೆಂದ. ಒಳಗಿನ ಸೆನ್ಸರ್ ಮಾತ್ರ ಮೊಬೈಲಿನದ್ದಕ್ಕಿಂತ ಬಹಳ ದೊಡ್ಡದೇನಲ್ಲ. ಬಂಗಾರದ ಬಿಸಿಲಿದ್ದರೆ ಚಂದ್ರನ ಕುಳಿಗಳನ್ನೂ ಎಣಿಸಬಹುದು, ಕಾಡಿನ ನೆರಳಲ್ಲಿ ರವೆ ರವೆಯಾದ ಚಿತ್ರ ಬರುತ್ತದೆ. ಅದೂ ಈ ಬಜೆಟ್ಟಿಗೆ ಸಿಗುವುದಿಲ್ಲ, ಬಿಡಿ.

ತ್ವಾಟದ ಮಾವ (ಸಿದ್ದಾಪುರ)

ತಮಾ, ಹಳೇ ಕ್ಯಾಮೆರಾ ತಗಂಬಲೆ ಹೋಗಡ. ಎಂಗಳ ಬದಿ ಮಳೆಗಾಲದಲ್ಲಿ ಕಪಾಟಿನೊಳಗಿನ ಪಂಚೆಗೇ ಬೂಷ್ಟು ಬತ್ತು, ಗಾಜಿಗೆ ಬತ್ತಿಲ್ಯಾ? ಹಕ್ಕಿ ನೋಡಲೆ ಎರಡು ಕಣ್ಣು, ಒಂದು ದುರ್ಬೀನು, ಕೂಪಲೆ ಒಂದು ಮಣೆ. ಅಷ್ಟು ಸಾಕು.

ಲೆನ್ಸ್ ವೈದ್ಯ (ಹುಬ್ಬಳ್ಳಿ)

ಮಾವ ಹೇಳಿದ್ದು ನೂರಕ್ಕೆ ನೂರು ಖರೆ ಅದ. ಕ್ಯಾಮೆರಾ ರಿಪೇರಿ ನನ್ನ ಹೊಟ್ಟೆಪಾಡು. ಗಣಪತಿ ಹಬ್ಬ ಮುಗಿಯುತ್ತಿದ್ದಂಗ ಶಿರಸಿ, ಯಲ್ಲಾಪುರ, ಕಾರವಾರದಿಂದ ಬರೋ ಲೆನ್ಸುಗಳ ಕಥೆ ಒಂದೇ. ಟಾರ್ಚ್ ಹಾಕಿ ಒಳಗ ನೋಡಿದರ ಗಾಜಿನ ಅಂಚಿನಿಂದ ನಡುವಿಗೆ ಸಣ್ಣ ಬಿಳಿ ಎಳೆಗಳು, ಜೇಡರ ಬಲೆ ಹಂಗ. ಅದೇ ಫಂಗಸ್. ಎಳೆ ತೆಳ್ಳಗಿದ್ದಾಗ ಬಂದರ ಒರೆಸಿ ತೆಗೀತೀವಿ. ಬಿಟ್ಟರ ಅದು ಬಿಡುವ ಆಮ್ಲ ಗಾಜಿನ ಲೇಪವನ್ನು ತಿಂದು ಹಾಕುತ್ತದ. ಆಮೇಲೆ ಎಷ್ಟು ಒರೆಸಿದರೂ ಕಲೆ ಹೋಗಂಗಿಲ್ಲ.

ಇನ್ನು ಪುಸ್ತಕದ ಕನ್ನಡದಲ್ಲೇ ಬರೀತೀನಿ, ಎಲ್ಲರಿಗೂ ತಿಳಿಯಲಿ.

ಗಾಳಿಯ ತೇವ 60 ಪ್ರತಿಶತ ದಾಟಿ ಹಾಗೇ ನಿಂತರೆ ಫಂಗಸ್ಸಿಗೆ ಹಬ್ಬ. ನಿಮ್ಮಲ್ಲಿ ಜುಲೈಯಲ್ಲಿ 90ರ ಮೇಲೆಯೇ ಇರುತ್ತದೆ. ಲೆನ್ಸನ್ನು 40ರಿಂದ 50ರ ನಡುವೆ ಇಡಬೇಕು. 30ಕ್ಕಿಂತ ಕೆಳಗೆ ಇಳಿಸಲೂ ಬಾರದು, ಒಳಗಿನ ಗ್ರೀಸ್ ಒಣಗುತ್ತದೆ. ದುಡ್ಡಿದ್ದವರು ಡ್ರೈ ಕ್ಯಾಬಿನೆಟ್ ತರಿಸಿ, ಕರೆಂಟಿನಲ್ಲಿ ನಡೆದು ತೇವ ತೆಗೆಯುವ ಕಪಾಟು ಅದು. ಇಲ್ಲದವರಿಗೆ ಮುಚ್ಚಳದಲ್ಲಿ ರಬ್ಬರ್ ಪಟ್ಟಿ ಇರುವ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಸಾಕು. ಒಳಗೆ ತೇವ ತೋರಿಸುವ ಪುಟ್ಟ ಮೀಟರ್ ಇಡಿ, ಕೆಲವು ನೂರು ರೂಪಾಯಿಗೆ ಬರುತ್ತದೆ. ಅದರ ಜೊತೆ ತೇವ ಹೀರುವ ಸಿಲಿಕಾ ಜೆಲ್, ಬಟ್ಟೆ ಚೀಲದಲ್ಲಿ ಕಟ್ಟಿ. ಕಿತ್ತಳೆ ಬಣ್ಣದ ಜೆಲ್ ತಗೊಳ್ಳಿ, ನೀರು ಕುಡಿದು ತುಂಬಿದ ಮೇಲೆ ಹಸಿರಾಗುತ್ತದೆ. ಹಳೇ ಕಾಲದ ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮಕ್ಕಳಿರುವ ಮನೆಗೆ ಬೇಡ. ಹಸಿರಾದದ್ದನ್ನು ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಹುರಿಯಿರಿ, ಬಣ್ಣ ವಾಪಸ್ಸು ಬಂದರೆ ಮತ್ತೆ ತಯಾರು. ಪೂರ್ತಿ ಆರಿದ ಮೇಲೇ ಡಬ್ಬಿಗೆ ಹಾಕಿ.

ಮಾಡಬಾರದ್ದು ಕೆಲವಿದೆ. ಚರ್ಮದ ಚೀಲದಲ್ಲಿ ಮುಚ್ಚಿಡಬೇಡಿ, ಫಂಗಸ್ಸಿಗೆ ಚರ್ಮವೇ ಊಟ. ಅಕ್ಕಿ ಡಬ್ಬಿಯಲ್ಲಿ ಹೂಳಬೇಡಿ, ಹಿಟ್ಟಿನ ಧೂಳು ರಿಂಗುಗಳ ಸಂದಿಗೆ ಹೋಗುತ್ತದೆ. ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುವ, ಕೆಳಗೆ ನೀರು ಸೋರಿ ತುಂಬಿಕೊಳ್ಳುವ ಡಬ್ಬಿಗಳು ಬಟ್ಟೆ ಕಪಾಟಿಗೆ ಸರಿ, ಲೆನ್ಸಿನ ಪಕ್ಕ ಬೇಡ. ಅದು ಕ್ಯಾಲ್ಸಿಯಂ ಕ್ಲೋರೈಡ್ ನೀರು, ಚೆಲ್ಲಿದರೆ ಲೋಹವನ್ನೇ ತಿನ್ನುತ್ತದೆ. ಎಲ್ಲಕ್ಕಿಂತ ಮುಖ್ಯ, ಉಪಯೋಗಿಸಿ. ದಿನವೂ ಹೊರಗೆ ಬೆಳಕು ಕಾಣುವ ಲೆನ್ಸಿಗೆ ಫಂಗಸ್ ಸುಲಭಕ್ಕೆ ಹತ್ತುವುದಿಲ್ಲ.

ಬೆಟ್ಟದಂಚು (ಶಿರಸಿ)

ವೈದ್ಯರೇ, ಚಿನ್ನದಂಥ ಮಾಹಿತಿ. ನೈಟ್ರೋಜನ್ ತುಂಬಿದ ಬೈನಾಕ್ಯುಲರಿಗೂ ಇದೇ ಪಥ್ಯವೇ?

ಲೆನ್ಸ್ ವೈದ್ಯ (ಹುಬ್ಬಳ್ಳಿ)

ಒಳಗಡೆಗೆ ಭಯ ಕಡಿಮೆ, ಸೀಲ್ ಗಟ್ಟಿ ಇರೋ ತನಕ. ಹೊರಗಿನ ಗಾಜಿಗೆ, ಕಣ್ಣಿಗೆ ತಾಗುವ ಐಕಪ್ಪಿನ ರಬ್ಬರಿಗೆ ಬರುತ್ತದೆ. ಅದೇ ಡಬ್ಬಿಯಲ್ಲಿಡಿ, ನಷ್ಟವೇನಿಲ್ಲ. ಇನ್ನೊಂದು, ಕಾರಿನಲ್ಲಿ ಎಸಿ ಹಾಕಿಕೊಂಡು ದೇವಿಮನೆ ಘಟ್ಟ ಇಳಿದು ಕುಮಟೆಯಲ್ಲಿ ಬಾಗಿಲು ತೆಗೆದಿರೋ, ತಣ್ಣಗಿನ ಗಾಜಿನ ಮೇಲೆ ಕ್ಷಣದಲ್ಲಿ ಮಂಜು ಕಟ್ಟುತ್ತದೆ. ಚೀಲದಿಂದ ತಕ್ಷಣ ತೆಗೆಯಬೇಡಿ, ಹೊರಗಿನ ಬಿಸಿಗೆ ಹೊಂದಿಕೊಳ್ಳಲಿ. ಕಡಲ ಬದಿಯಿಂದ ಮನೆಗೆ ಬಂದ ಮೇಲೆ ಒದ್ದೆ ಬಟ್ಟೆಯಲ್ಲಿ ಹೊರಮೈ ಒರೆಸಿ ಒಣಗಿಸಿ, ಉಪ್ಪು ಕೂತಿರುತ್ತದೆ. ಗಾಜನ್ನು ಮಾತ್ರ ಮೊದಲು ಊದಿ, ಆಮೇಲೆ ಒರೆಸಿ. ಮರಳಿನ ಕಣ ಇದ್ದಾಗ ಒರೆಸಿದರೆ ಗೀರು ಗ್ಯಾರಂಟಿ.

ಕುಮಟೆ ಕೂಸು

ಆ್ಯಪ್ ಬಗ್ಗೆ ನಾನು ಹೇಳುತ್ತೇನೆ. ಮರ್ಲಿನ್ ಹಾಕಿಕೊಳ್ಳಿ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದವರದು, ಪುಕ್ಕಟೆ, ಜಾಹೀರಾತೂ ಇಲ್ಲ. ಮನೆಯಲ್ಲಿ ವೈಫೈ ಇರುವಾಗ ಭಾರತದ ಹಕ್ಕಿಗಳ ಪ್ಯಾಕ್ ಇಳಿಸಿಕೊಂಡರೆ ಆಯಿತು, ತೋಟದಲ್ಲಿ ಸಿಗ್ನಲ್ ಇಲ್ಲದಿದ್ದರೂ ದನಿ ಕೇಳಿ ಹೆಸರು ಹೇಳುತ್ತದೆ. ಕೂಗು ಕೇಳುತ್ತಿದ್ದ ಹಾಗೆ ಪಟ್ಟಿಯಲ್ಲಿ ಹೆಸರು ಬೆಳಗುತ್ತದೆ. ಮೊದಲ ದಿನ ನಮ್ಮ ಆಯಿ ಅಡುಗೆ ಬಿಟ್ಟು ಬಂದು ಇದನ್ನೇ ನೋಡುತ್ತಾ ನಿಂತಿದ್ದರು.

ಆದರೆ ಅದು ಹೇಳಿದ್ದೆಲ್ಲ ವೇದವಾಕ್ಯ ಅಲ್ಲ. ನಮ್ಮ ಕಾಡಿನಲ್ಲಿ ಒಬ್ಬ ಮೋಸಗಾರ ಇದ್ದಾನೆ, ಭೀಮರಾಜ. ಬಾಲದಲ್ಲಿ ಎರಡು ಉದ್ದ ತಂತಿ, ತುದಿಗೆ ಪುಟ್ಟ ಬಾವುಟ ಇರುವ ಆ ಕಾಜಾಣ. ಅವನು ಬೇರೆ ಹಕ್ಕಿಗಳ ಕೂಗನ್ನು ಹಾಗೇ ಒಪ್ಪಿಸುತ್ತಾನೆ. ಒಂದೇ ಮರದಿಂದ ಹದ್ದೂ ಕೂಗುತ್ತದೆ, ಪಿಕಳಾರವೂ ಕೂಗುತ್ತದೆ, ಹರಟೆಮಲ್ಲನೂ ಕೂಗುತ್ತದೆ, ಮರ್ಲಿನ್ ಪಾಪ ಎಲ್ಲವನ್ನೂ ಬರೆದುಕೊಳ್ಳುತ್ತದೆ. ತಲೆಯೆತ್ತಿ ನೋಡಿದರೆ ಕೂತವನು ಒಬ್ಬನೇ. ಜೀರುಂಡೆ ಕಿರುಚುವ ಮೇ ತಿಂಗಳಲ್ಲಿ, ಹಂಚಿನ ಮೇಲೆ ಮಳೆ ಬೀಳುವಾಗ ಅದರ ಕಿವಿ ಇನ್ನೂ ಮಂದ. ಹಾಗಾಗಿ ಆ್ಯಪ್ ಹೇಳಿದ ಹೆಸರನ್ನು ಸುಳಿವು ಅಂತ ತಿಳಿಯಿರಿ, ಕಣ್ಣಾರೆ ಕಂಡ ಮೇಲೇ ಪಟ್ಟಿಗೆ ಬರೆಯಿರಿ.

ಮತ್ತೊಂದು, ಹಕ್ಕಿ ಹೊರಗೆ ಬರಲಿ ಅಂತ ಅದರದ್ದೇ ಕೂಗನ್ನು ಮೊಬೈಲಿನಲ್ಲಿ ಜೋರಾಗಿ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಗೂಡು ಕಟ್ಟುವ ಕಾಲದಲ್ಲಿ ಗಂಡು ಬೇರೆ ಗಂಡು ಬಂತೆಂದು ಗಾಬರಿಬಿದ್ದು, ಮರಿಗೆ ಗುಟುಕು ಕೊಡುವುದನ್ನೂ ಬಿಟ್ಟು ಹುಡುಕುತ್ತಾ ಓಡಾಡುತ್ತದೆ. ಫೋಟೋಗೋಸ್ಕರ ಇದು ಬೇಕಾ?

ದಾಂಡೇಲಿ ಡಿಪೊ

ಅಕ್ಕ ಹೇಳಿದ ಕೊನೆಯ ಮಾತಿಗೆ ಕೈ ಎತ್ತಿದೆ. ಮಂಗಟ್ಟೆ (ಹಾರ್ನ್‌ಬಿಲ್) ಗೂಡಿನ ವಿಷಯದಲ್ಲಂತೂ ಇದು ಇನ್ನೂ ಗಂಭೀರ. ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಸೇರಿ ಪೊಟರೆಯ ಬಾಯಿ ಮುಚ್ಚಿಕೊಂಡು ಕೂರುತ್ತದೆ, ಕೊಕ್ಕು ಆಚೆ ಬರುವಷ್ಟು ಸೀಳು ಬಿಟ್ಟು. ತಿಂಗಳುಗಟ್ಟಲೆ ಗಂಡು ತಂದ ಹಣ್ಣೇ ಗತಿ. ಗೂಡಿನ ಕೆಳಗೆ ಹತ್ತು ಜನ ಟ್ರೈಪಾಡ್ ಹಾಕಿ ನಿಂತರೆ ಗಂಡು ಹತ್ತಿರ ಬರುವುದಿಲ್ಲ. ಒಳಗಿರುವವರು ಉಪವಾಸ. ಗೂಡಿನ ಜಾಗವನ್ನು ಲೊಕೇಶನ್ ಸಮೇತ ಗ್ರೂಪಿಗೆ ಹಾಕುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮಂಗಟ್ಟೆ ನೋಡಬೇಕು ಅಂದರೆ ದಾಂಡೇಲಿಯ ಟಿಂಬರ್ ಡಿಪೊ ಕಡೆ ಬನ್ನಿ, ಗಣೇಶಗುಡಿಗೆ ಬನ್ನಿ. ದೊಡ್ಡ ಮಂಗಟ್ಟೆ, ಮಲಬಾರ್ ಕಪ್ಪು-ಬಿಳಿ, ಮಲಬಾರ್ ಬೂದು, ಸಾಮಾನ್ಯ ಬೂದು, ನಾಲ್ಕೂ ಬಗೆ ನಮ್ಮ ಜಿಲ್ಲೆಯಲ್ಲೇ ಇವೆ. ಆಲ, ಅತ್ತಿ, ಬಸರಿ ಹಣ್ಣಾದ ಮರದ ಹತ್ತಿರ ಸುಮ್ಮನೆ ಕೂತರೆ ಅವೇ ಬರುತ್ತವೆ. ದೊಡ್ಡದು ಮೇಲಿಂದ ಹಾರಿದರೆ ರೆಕ್ಕೆಯ ಸದ್ದು ಮೊದಲು ಕೇಳುತ್ತದೆ, ಹಕ್ಕಿ ಆಮೇಲೆ ಕಾಣುತ್ತದೆ.

ಫ್ಯೂಸ್ ಹೋಯ್ತು (ಯಲ್ಲಾಪುರ)

ಡ್ರೈ ಕ್ಯಾಬಿನೆಟ್ ಅಂದಿರಿ, ಕರೆಂಟು ಎಲ್ಲಿದೆ ಸ್ವಾಮಿ? ಒಂದು ಗಾಳಿ ಬೀಸಿದರೆ ಎರಡು ದಿನ ಕತ್ತಲೆ. ಸಿಲಿಕಾ ಜೆಲ್ಲೇ ನಮಗೆ ಸರಿ.

ಬೆಟ್ಟದಂಚಿನವರು ಮನೆಯಿಂದ ಕೆಲಸ ಮಾಡುವವರಾದ್ದರಿಂದ ಇದೊಂದು ಹೇಳಿಬಿಡುತ್ತೇನೆ. ಮಳೆಗಾಲಕ್ಕಿಂತ ಏಪ್ರಿಲ್-ಮೇ ತಿಂಗಳ ಗುಡುಗು ಅಪಾಯ. ಫೈಬರ್ ಇಂಟರ್ನೆಟ್ ಬಂದಮೇಲೆ ಸಿಡಿಲಿನ ಭಯ ಇಲ್ಲ ಅಂತ ಕೆಲವರು ನಂಬಿದ್ದಾರೆ. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ಅದು ನಿಜ. ಆದರೆ ಮೋಡೆಮ್ಮಿಗೆ ಅಡಾಪ್ಟರ್ ಇದೆಯಲ್ಲ, ಅದು ಚುಚ್ಚಿರುವುದು ಗೋಡೆಗೆ. ಸಿಡಿಲು ಆ ದಾರಿಯಲ್ಲಿ ಬರುತ್ತದೆ. ಗುಡುಗು ದೂರದಲ್ಲಿ ಕೇಳಿದ ಕೂಡಲೇ ಪ್ಲಗ್ ಕಿತ್ತುಬಿಡಿ, ಸ್ವಿಚ್ ಆರಿಸಿದರೆ ಸಾಲದು. ಮನೆಯ ಅರ್ಥಿಂಗ್ ಒಮ್ಮೆ ಪರೀಕ್ಷೆ ಮಾಡಿಸಿ, ಮೇನ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಕೂರಿಸಿ. ಅರ್ಥಿಂಗ್ ಸರಿಯಿಲ್ಲದ ಮನೆಗೆ ಸರ್ಜ್ ಪ್ರೊಟೆಕ್ಟರ್ ಹಾಕಿದರೂ ಅದು ಬರೀ ಅಲಂಕಾರ.

ಸೋಲಾರ್ ಹಾಕಿಸುವ ಯೋಚನೆ ಇದ್ದರೆ ಇದನ್ನೂ ಕೇಳಿ. ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78 ಸಾವಿರ ಸಹಾಯಧನ ಇದೆ, ಒಳ್ಳೆಯದೇ. ಆದರೆ ಬ್ಯಾಟರಿ ಇಲ್ಲದ ಆನ್-ಗ್ರಿಡ್ ಪದ್ಧತಿಯಲ್ಲಿ ಲೈನಿಗೆ ಕರೆಂಟು ಹೋದರೆ ನಿಮ್ಮ ಸೋಲಾರೂ ತಾನಾಗಿ ನಿಲ್ಲುತ್ತದೆ, ಬಿಸಿಲು ಎಷ್ಟೇ ಇರಲಿ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ ಜೀವ ಉಳಿಯಲಿ ಅಂತ ಹಾಗೆ ಮಾಡಿದ್ದಾರೆ. ಕತ್ತಲೆಗೆ ಪರಿಹಾರ ಬೇಕಾದರೆ ಬ್ಯಾಟರಿ ಇರುವ ಹೈಬ್ರಿಡ್ ಕೇಳಿ, ಅಥವಾ ಹಳೇ ಇನ್ವರ್ಟರ್ ಜೊತೆ ಬಾಳಿ.

ಬೆಟ್ಟದಂಚು (ಶಿರಸಿ)

ಹಕ್ಕಿ ಕೇಳಿದ್ದಕ್ಕೆ ಮನೆ ವಯರಿಂಗೂ ರಿಪೇರಿ ಆಯಿತು! ಡ್ರೋನ್ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಕಾರವಾರದಲ್ಲಿ ತಂಗಿಯ ಮನೆ ಇದೆ. ಅಲ್ಲಿಗೆ ಹೋದಾಗ ಕಡಲ ಮೇಲೆ ಹಾರಿಸುವ ಆಸೆ.

ಕಾಳಿತೀರ (ಕಾರವಾರ)

ಆಸೆಯನ್ನು ಶಿರಸಿಯಲ್ಲೇ ಬಿಟ್ಟು ಬನ್ನಿ. ಇಲ್ಲಿ ಅರಗಾದಲ್ಲಿ ನೌಕಾನೆಲೆ ಇದೆ, ಐಎನ್‌ಎಸ್ ಕದಂಬ. ಆ ಕಡೆ ಕೈಗಾ ಅಣುಸ್ಥಾವರ. 2021ರ ಡ್ರೋನ್ ನಿಯಮದಲ್ಲಿ ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಭಾಗ ಮಾಡಿದ್ದಾರೆ. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಏನೂ ಹಾರುವಂತಿಲ್ಲ. 250 ಗ್ರಾಮಿನ ಒಳಗಿನದು, ಆಟಿಕೆ ಎಂಬ ಸಬೂಬು ಅಲ್ಲಿ ನಡೆಯುವುದಿಲ್ಲ. ಈ ಭಾಗಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಪೆಟ್ಟಿಗೆಯನ್ನೇ ಬಿಚ್ಚಬೇಡಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಂತೂ ಅರಣ್ಯ ಇಲಾಖೆ ಬಿಡುವುದಿಲ್ಲ, ಬಿಡಲೂ ಬಾರದು. ಗೂಡಿನ ಹತ್ತಿರ ಡ್ರೋನ್ ಸದ್ದು ಮಾಡಿದರೆ ಬಿಳಿಹೊಟ್ಟೆ ಕಡಲ ಹದ್ದು ಮೊಟ್ಟೆ ಬಿಟ್ಟು ಏಳುತ್ತದೆ.

ಡ್ರೋನ್ ಬಿಡಿ, ನಮ್ಮೂರಿನಲ್ಲಿ ಹಕ್ಕಿಗಳ ಮೇಲೂ ಅನುಮಾನ. 2024ರ ನವೆಂಬರಿನಲ್ಲಿ ಬೆನ್ನಿಗೆ ಯಂತ್ರ ಕಟ್ಟಿಕೊಂಡ ರಣಹದ್ದೊಂದು ಕಾರವಾರದಲ್ಲಿ ಕಂಡು ಊರೆಲ್ಲ ಗೂಢಚಾರಿಕೆಯ ಗುಸುಗುಸು. ವಿಚಾರಿಸಿದರೆ ಅದು ಮಹಾರಾಷ್ಟ್ರದ ತಾಡೋಬಾ-ಅಂಧಾರಿ ಹುಲಿಧಾಮದಿಂದ ಸಂಶೋಧನೆಗೆ ಬಿಟ್ಟ ಹಕ್ಕಿ. 2025ರ ಡಿಸೆಂಬರಿನಲ್ಲಿ ಕಡಲ ತೀರದಲ್ಲಿ ಸಿಕ್ಕ ಗಾಯಗೊಂಡ ಕಡಲಕ್ಕಿಯ ಮೈಮೇಲೆ ಚೀನಾ ವಿಜ್ಞಾನ ಅಕಾಡೆಮಿಯ ಹೆಸರಿದ್ದ ಜಿಪಿಎಸ್, ಆಗ ಕೇಳಬೇಕೇ, ಟಿವಿಯವರಿಗೆ ಹಬ್ಬ.

ತದಡಿ ಇಳಿತ

ಆ ಯಂತ್ರದ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಜನ ಸುಮ್ಮನೆ ಹೆದರುತ್ತಾರೆ. ಹಕ್ಕಿಗೆ ಕಟ್ಟುವ ಟ್ರ್ಯಾಕರಿನ ಭಾರ ಸಾಮಾನ್ಯವಾಗಿ ಅದರ ಮೈತೂಕದ 3 ಪ್ರತಿಶತ ಮೀರಬಾರದು ಎಂಬ ರೂಢಿ. ಮೇಲ್ಗಡೆ ಉಗುರಗಲದ ಸೋಲಾರ್ ಫಲಕ, ಒಳಗೆ ಸಣ್ಣ ಬ್ಯಾಟರಿ. ಎಲ್ಲಿದ್ದೇನೆ ಎಂಬುದನ್ನು ಆಗಾಗ ಬರೆದಿಟ್ಟುಕೊಳ್ಳುತ್ತದೆ, ಮೊಬೈಲ್ ನೆಟ್‌ವರ್ಕ್ ಸಿಕ್ಕಾಗ ಒಟ್ಟಿಗೆ ಕಳಿಸುತ್ತದೆ. ಅಷ್ಟು ತೂಕದಲ್ಲಿ ಚೆನ್ನಾಗಿ ಕಾಣುವ ಕ್ಯಾಮೆರಾ, ಅದಕ್ಕೆ ಬೇಕಾದ ಬ್ಯಾಟರಿ ಎಲ್ಲ ಹೇರುವುದು ಸುಲಭವಲ್ಲ. ನೌಕಾನೆಲೆ ಪಕ್ಕದಲ್ಲಿ ಸಿಕ್ಕಿದೆ, ಪೊಲೀಸರು ಪರಿಶೀಲಿಸುವುದು ಅವರ ಕೆಲಸ, ಸರಿಯೇ. ನಾವು ಮಾಡಬೇಕಾದದ್ದು ಹಕ್ಕಿಯನ್ನು ಕಲ್ಲು ಹೊಡೆದು ಬೀಳಿಸದೆ ಅರಣ್ಯ ಇಲಾಖೆಗೆ ಫೋನ್ ಮಾಡುವುದು. ಕಾಲಿನಲ್ಲಿ ಉಂಗುರ ಇದ್ದರೆ ಅದರ ಮೇಲಿನ ಅಕ್ಷರ, ಸಂಖ್ಯೆ ಬರೆದುಕೊಳ್ಳಿ. ಕಡಲಕ್ಕಿಗೆ ವೀಸಾ ಇಲ್ಲ ಮಾರಾಯ್ರೆ, ಚಳಿಗೆ ಹೆದರಿ ಮಧ್ಯ ಏಷ್ಯಾದ ಕಡೆಯಿಂದೆಲ್ಲ, ಹೊಳೆ ಕಡಲು ಸೇರುವ ನಮ್ಮ ಅಳಿವೆಗೆ ಬರುತ್ತವೆ.

ಬೆಟ್ಟದಂಚು ಅಣ್ಣ, ಕರಾವಳಿಗೆ ಬರುವುದಾದರೆ ಅಘನಾಶಿನಿ ಅಳಿವೆಗೆ ಬನ್ನಿ, ಅಕ್ಟೋಬರಿನಿಂದ ಮಾರ್ಚ್ ಒಳಗೆ. ಬರುವ ಹೊತ್ತು ಗಡಿಯಾರ ನೋಡಿ ಅಲ್ಲ, ನೀರು ನೋಡಿ. ಪೂರ್ತಿ ಇಳಿತದಲ್ಲಿ ಬಂದರೆ ಕೆಸರುದಿಬ್ಬ ಮೈಲುಗಟ್ಟಲೆ ತೆರೆದುಕೊಂಡಿರುತ್ತದೆ. ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರು ಸೊಂಟದ ನೀರಿನಲ್ಲಿ ಇರುತ್ತಾರೆ, ಹಕ್ಕಿಗಳು ಅವರಿಗಿಂತ ಆಚೆ, ಚುಕ್ಕಿ ಚುಕ್ಕಿ. ಯಾವ ಬೈನಾಕ್ಯುಲರೂ ಸಾಲದು. ಭರತ (ಉಬ್ಬರ) ಏರಲು ಶುರುವಾದಾಗ ದಡದಲ್ಲಿ ಕೂತುಕೊಳ್ಳಿ. ನೀರು ದಿಬ್ಬವನ್ನು ಮುಚ್ಚುತ್ತಾ ಬಂದ ಹಾಗೆ ಗೊರವಗಳು, ಮರಳುಗೊರವಗಳು, ಬಕಗಳು ಎಲ್ಲ ಹಿಂದೆ ಸರಿಯುತ್ತಾ ಸರಿಯುತ್ತಾ ನಿಮ್ಮ ಎದುರಿಗೇ ಬರುತ್ತವೆ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ನೀರಿನ ಏರಿಳಿತ ಜೋರು. ನಮ್ಮ ಮೀನುಗಾರರು ತಿಥಿ ಕೇಳಿ ನೀರಿನ ಹೊತ್ತು ಹೇಳುತ್ತಾರೆ, ಆ್ಯಪ್ ಹುಡುಕುವ ಮೊದಲು ಅವರನ್ನು ಕೇಳಿ.

ಬೆಟ್ಟದಂಚು (ಶಿರಸಿ)

ಇದು ನಮ್ಮ ಶಂಕರಹೊಂಡದಲ್ಲಿ ಹುಟ್ಟುವ ಹೊಳೆಯೇ ಅಲ್ಲವೇ! ಅಲ್ಲಿ ರಾಮ್‌ಸಾರ್ ಅಂತ ಏನೋ ಘೋಷಣೆ ಆಗಿತ್ತಲ್ಲ, ಅದರಿಂದ ಏನಾದರೂ ಬದಲಾಗಿದೆಯೇ?

ತದಡಿ ಇಳಿತ

ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ಪಟ್ಟ ಅದು, 2024ರ ಜನವರಿ ಕೊನೆಗೆ ಆದದ್ದು. ಅಘನಾಶಿನಿ ಅಳಿವೆಯ 4,801 ಹೆಕ್ಟೇರ್, ಜೊತೆಗೆ ಗದಗದ ಮಾಗಡಿ ಕೆರೆ, ವಿಜಯನಗರದ ಅಂಕಸಮುದ್ರ. ಅದಕ್ಕೂ ಮೊದಲು ಕರ್ನಾಟಕದಲ್ಲಿ ಇದ್ದದ್ದು ರಂಗನತಿಟ್ಟು ಒಂದೇ, 2022ರದ್ದು. ಬದಲಾವಣೆ ಅಂದರೆ, ಫಲಕ ಬಂದ ಮಾತ್ರಕ್ಕೆ ಹೊಳೆ ಉಳಿಯುವುದಿಲ್ಲ. ಹಿಂದೆ ಇದೇ ತದಡಿಯಲ್ಲಿ 4,000 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರ ಬರಬೇಕಿತ್ತು, ಜನ ನಿಂತು ತಡೆದರು. ಇನ್ನೂ ಅಣೆಕಟ್ಟು ಕಾಣದ ಹೊಳೆ ಇದು. ಅದಕ್ಕೇ ಮೇಲಿನ ಮಣ್ಣು, ಸಿಹಿನೀರು ಅಳಿವೆವರೆಗೆ ಬರುತ್ತದೆ, ಬಳಚು ಬೆಳೆಯುತ್ತದೆ, ಗಜನಿಯಲ್ಲಿ, ಅಂದರೆ ಅಳಿವೆ ಬದಿಯ ಗದ್ದೆಯಲ್ಲಿ, ಕಗ್ಗ ಭತ್ತ ಉಪ್ಪು ನೀರನ್ನು ತಡೆದುಕೊಂಡು ನಿಲ್ಲುತ್ತದೆ. ಹಕ್ಕಿಗಳು ಬರುವುದೂ ಈ ಊಟಕ್ಕೇ.

ಬಂದರು ಬೇಕು (ಅಂಕೋಲಾ)

ಎಲ್ಲದಕ್ಕೂ ವಿರೋಧ ಮಾಡಿದರೆ ನಮ್ಮ ಹುಡುಗರು ಗೋವಾಕ್ಕೆ, ಮಂಗಳೂರಿಗೆ ಹೋಗುತ್ತಲೇ ಇರಬೇಕಾಗುತ್ತದೆ. ನಮ್ಮ ಅಂಕೋಲಾದ ಕೇಣಿ ಬಂದರು ಬರಲಿ. ಹಕ್ಕಿ ಬೇರೆ ಕಡೆ ಹೋಗುತ್ತದೆ, ಕೆಲಸ ಬೇರೆ ಕಡೆಯಿಂದ ಬರುವುದಿಲ್ಲ. ಶಿರಸಿಯವರಿಗೆ ಬೇಡ್ತಿ-ವರದಾ ನದಿ ಜೋಡಣೆ ಬೇಡ, ಕುಮಟೆಯವರಿಗೆ ತದಡಿ ಯೋಜನೆ ಬೇಡ, ಹೊನ್ನಾವರದವರಿಗೆ ಕಾಸರಕೋಡ ಬಂದರು ಬೇಡ. ಬೇಕಾದದ್ದು ಏನು ಅಂತ ಯಾರಾದರೂ ಹೇಳಿ.

ತದಡಿ ಇಳಿತ

ಕೆಲಸ ಬೇಕು ಎಂಬುದು ನನ್ನ ಮನೆಯ ಮಾತೂ ಹೌದು, ಅಣ್ಣ. ಆದರೆ ಬಲೆ ಬಿಡುವವನು, ಬಳಚು ಹೆಕ್ಕುವವಳು ಮಾಡುತ್ತಿರುವುದೂ ಕೆಲಸವೇ, ಅದು ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ ಅಷ್ಟೇ. ಬಂದರಿನ ಗೇಟಿನಲ್ಲಿ ಅವರನ್ನು ಯಾವ ಹುದ್ದೆಗೆ ತಗೊಳ್ಳುತ್ತಾರೆ? ಅದನ್ನು ಮೊದಲು ಬರವಣಿಗೆಯಲ್ಲಿ ಕೊಡಲಿ, ಆಮೇಲೆ ಮಾತಾಡುವ.

ಬಂದರು ಬೇಕು (ಅಂಕೋಲಾ)

ಬರವಣಿಗೆಯಲ್ಲಿ ಕೊಡಲಿ ಅನ್ನುವುದಕ್ಕೆ ನನ್ನ ಒಪ್ಪಿಗೆ ಇದೆ. ಸ್ಥಳೀಯರಿಗೆ ಇಷ್ಟು ಅಂತ ಅಂಕಿ ಸಮೇತ.

ಕುಮಟೆ ಕೂಸು

ಬಂದರಿಗೆ ಬೇರೆಯೇ ಎಳೆ ಶುರುಮಾಡಿ, ನಾನೂ ಬರುತ್ತೇನೆ. ಇಲ್ಲಿ ಪಾಪ ಬೆಟ್ಟದಂಚಿನವರು ಬೈನಾಕ್ಯುಲರ್ ಕೇಳಿ ಕೂತಿದ್ದಾರೆ.

ಶಿರಸಿ ಹತ್ತಿರದ ಜಾಗ ಯಾರೂ ಹೇಳಲಿಲ್ಲವಲ್ಲ! ಸೋಂದಾದ ಮುಂಡಿಗೆಕೆರೆ ನಿಮಗೆ ಕೈಗೆಟುಕುವ ದೂರ. ಮುಂಗಾರು ಬರುವ ಹೊತ್ತಿಗೆ ಬೆಳ್ಳಕ್ಕಿಗಳು, ಕೆಂಬರಲುಗಳ ಜಾತಿಯ ಕಪ್ಪುತಲೆಯ ಬಿಳಿ ಹಕ್ಕಿಗಳು ಕೆರೆಯ ಮುಂಡಿಗೆ ಪೊದೆಗೆ ಇಳಿಯುತ್ತವೆ. ಮುಳ್ಳಿನ ಎಲೆಗಳ ನಡುವೆ, ಸುತ್ತ ನೀರು, ಹಾವು-ಬೆಕ್ಕಿಗೆ ಸುಲಭದ ದಾರಿ ಇಲ್ಲ. ಗೂಡಿಗೆ ಇದಕ್ಕಿಂತ ಭದ್ರ ಜಾಗ ಎಲ್ಲಿ? ಮಳೆ ಬಿಡುವು ಕೊಟ್ಟಾಗ ಕೊಡೆ ಹಿಡಿದು ದಡದಲ್ಲೇ ನಿಂತು ನೋಡಬಹುದು, ನಿಮ್ಮ ಮಳೆಗಾಲದ ಹವ್ಯಾಸಕ್ಕೆ ಹೇಳಿ ಮಾಡಿಸಿದ್ದು. ಮುಂಡಗೋಡ ಕಡೆ ಹೋದರೆ ಅತ್ತಿವೇರಿ ಪಕ್ಷಿಧಾಮ, ಅದು ಮಳೆ ಮುಗಿದ ಮೇಲೆ ಚೆಂದ. ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಹಲಗೆ ದಾರಿ ಮಾಡಿದ್ದಾರೆ, ವಯಸ್ಸಾದವರನ್ನೂ ಕರೆದುಕೊಂಡು ಹೋಗಬಹುದು, ಮಿಂಚುಳ್ಳಿ ಹತ್ತಿರದಲ್ಲೇ ಕಾಣುತ್ತದೆ.

ಒಂದು ಮನವಿ. ಜುಲೈ-ಆಗಸ್ಟಿನಲ್ಲಿ ಘಟ್ಟದ ರಸ್ತೆಯಲ್ಲೋ ಹೆದ್ದಾರಿಯಲ್ಲೋ ಗುಡ್ಡ ಕಡಿದ ಜಾಗದ ಕೆಳಗೆ ಗಾಡಿ ನಿಲ್ಲಿಸಿ ಹಕ್ಕಿ ನೋಡಬೇಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದದ್ದು ಗೊತ್ತಲ್ಲ. ಅಲ್ಲಿ ಜನ ಚಾ ಕುಡಿಯಲು ನಿಂತಿದ್ದರು.

ತ್ವಾಟದ ಮಾವ (ಸಿದ್ದಾಪುರ)

ಆ ಕೂಸು ಹೇಳಿದ್ದು ಸಮ ಇದ್ದು. ಮುಂಡಿಗೆಕೆರೆಗೆ ಹೋಪವು ಇಂಬಳದ (ಜಿಗಣೆ) ಮದ್ದು ತಗಂಡು ಹೋಗಿ. ಸುಣ್ಣ-ತಂಬಾಕು ಕಾಲಿಗೆ ಹಚ್ಚಿರೆ ಸಾಕು, ಅಂಗಡಿ ಸ್ಪ್ರೇ ಎಂತಕೂ ಬ್ಯಾಡ.

ದಾಂಡೇಲಿ ಡಿಪೊ

ಆಯಿತು, ನಾನೂ ಸೋತೆ ಅನ್ನುವುದಿಲ್ಲ, ರಾಜಿಗೆ ಬರುತ್ತೇನೆ. ಬೈನಾಕ್ಯುಲರ್ ತಗೊಳ್ಳಿ, ಅದಕ್ಕೆ ಮೊಬೈಲ್ ಸಿಕ್ಕಿಸುವ ಹಿಡಿಕೆ ಸಿಗುತ್ತದೆ, ಅದನ್ನೂ ತಗೊಳ್ಳಿ. ಕೂತ ಹಕ್ಕಿಯ ಗುರುತಿನ ಫೋಟೋ ಅದರಲ್ಲಿ ಬರುತ್ತದೆ. ಒಂದು ವರ್ಷ ಕಳೆದ ಮೇಲೂ ಕ್ಯಾಮೆರಾ ಹುಚ್ಚು ಬಿಡದಿದ್ದರೆ ದಾಂಡೇಲಿಗೆ ಬನ್ನಿ, ನನ್ನದರಲ್ಲಿ ತೆಗೆದು ನೋಡಿ, ಆಮೇಲೆ ಕೊಳ್ಳಿ. ಫೆಬ್ರುವರಿಯಲ್ಲಿ ಜಗತ್ತಿನಾದ್ಯಂತ ನಾಲ್ಕು ದಿನ ಹಿತ್ತಿಲ ಹಕ್ಕಿ ಎಣಿಕೆ ನಡೆಯುತ್ತದೆ, 15 ನಿಮಿಷ ಕೂತು ಕಂಡದ್ದನ್ನು ಇಬರ್ಡ್ ಎಂಬ ಹಕ್ಕಿಪಟ್ಟಿಯ ಜಾಲತಾಣಕ್ಕೆ ಹಾಕಿದರೆ ಆಯಿತು. ನಿಮ್ಮ ತೋಟದ ಪಟ್ಟಿ ಅಲ್ಲಿಗೆ ಬರಲಿ.

ಬೆಟ್ಟದಂಚು (ಶಿರಸಿ)

8×42 ಆರ್ಡರ್ ಹಾಕಿದೆ. ರಬ್ಬರ್ ಪಟ್ಟಿಯ ಡಬ್ಬಿ, ಕಿತ್ತಳೆ ಜೆಲ್ ಒಂದು ಕೆಜಿ, ತೇವದ ಮೀಟರ್ ಜೊತೆಗೇ ಬರುತ್ತಿವೆ. ಮರ್ಲಿನ್ ಇಳಿಸಿಯೂ ಆಯಿತು. ಈಗಲೇ ಒಂದು ಅನುಮಾನ: ಎರಡು ಕಣ್ಣಿಗೂ ಬೇರೆ ಬೇರೆ ನಂಬರ್ ಇದೆ ನನಗೆ, ಬೈನಾಕ್ಯುಲರ್ ಸರಿಹೊಂದಿಸುವುದು ಹೇಗೆ?

ಕಾಳಿತೀರ (ಕಾರವಾರ)

ಬಲಗಣ್ಣಿನ ಕಡೆ ಮುಚ್ಚಳ ಹಾಕಿ, ದೂರದ ಬರಹ ಯಾವುದಾದರೂ ಆರಿಸಿಕೊಂಡು ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಈಗ ಮುಚ್ಚಳ ಎಡಕ್ಕೆ ಹಾಕಿ, ನಡುವಿನ ಚಕ್ರ ಮುಟ್ಟದೆ ಬಲಗಡೆ ಐಪೀಸಿನ ಉಂಗುರ ತಿರುಗಿಸಿ ಅದೇ ಬರಹ ಸ್ಪಷ್ಟ ಮಾಡಿ. ಆ ಉಂಗುರ ಎಲ್ಲಿ ನಿಂತಿತು ಅಂತ ಬಿಳಿ ಪೆನ್ನಿನಲ್ಲಿ ಗುರುತು ಹಾಕಿಬಿಡಿ, ಮನೆಯವರು ಇಸಿದುಕೊಂಡು ನೋಡಿದಾಗೆಲ್ಲ ಅದು ತಿರುಗಿರುತ್ತದೆ. ಕನ್ನಡಕ ಹಾಕಿಕೊಂಡೇ ನೋಡುವುದಾದರೆ ಐಕಪ್ ಒಳಗೆ ತಿರುಗಿಸಿಡಿ.